ಒಪ್ಪಿಗೆ ಪತ್ರಕ್ಕೆ ಸಹಿಯೊಂದೇ ಸಾಕೇ?

ಇಂಟರ್ನ್‌ಶಿಪ್‌ನ ಮೂರನೇ ವಾರದ ಮಾತು. ನಾನು ಹೋಗುತ್ತಿದ್ದುದು ಮೈಸೂರು ಜಿಲ್ಲೆಯ ಒಂದು ಹಳ್ಳಿ ಶಾಲೆಗೆ. ಎಂಟನೇ ತರಗತಿಗೆ ವಿಜ್ಞಾನ ಬೋಧಿಸುವುದು ನನ್ನ ಕೆಲಸ. ಐದನೇ ತರಗತಿಯ ಶಿಕ್ಷಕಿ ರಜೆಯಲ್ಲಿದ್ದುದರಿಂದ ಆ ತರಗತಿಯ ಹಾಜರಿಯೂ ನನ್ನ ಪಾಲಿಗೆ ಬಂದಿತ್ತು. ಆ ವಾರವೇ ಆರೋಗ್ಯ ಕೇಂದ್ರದವರು ಟಿ.ಡಿ. ಲಸಿಕೆ ಹಾಕಲು ಬರುವವರಿದ್ದರು. ಒಪ್ಪಿಗೆ ಪತ್ರವನ್ನು ಮನೆಗೆ ಕಳಿಸಿ, ಪೋಷಕರ ಸಹಿ ಹಾಕಿಸಿ ತರಿಸಬೇಕಿತ್ತು. ಎರಡು ದಿನ ಕಳೆದರೂ ಏಳು ಪತ್ರ ಬಂದಿರಲಿಲ್ಲ. ಮೂರನೆಯ ದಿನ ನಾನು ಮಕ್ಕಳಿಗೆ ಹೇಳಿದೆ: "ನಾಳೆ ಸಹಿ ಇಲ್ಲದೆ ಬಂದವರು ಹೊರಗೆ ನಿಲ್ಲಬೇಕು."

ಮರುದಿನ ಏಳೂ ಪತ್ರ ಬಂದವು. ನಾನು ಎಣಿಸಿ, ಕಟ್ಟು ಮಾಡಿ ಮುಖ್ಯ ಶಿಕ್ಷಕರ ಮೇಜಿನ ಮೇಲಿಟ್ಟೆ. ಲಸಿಕೆಯ ದಿನ ಬೆಳಿಗ್ಗೆ ಒಬ್ಬ ತಾಯಿ ಕೆಲಸ ಬಿಟ್ಟು ಶಾಲೆಗೆ ಬಂದರು. ಆಶಾ ಕಾರ್ಯಕರ್ತೆ ದಾರಿಯಲ್ಲಿ ಸಿಕ್ಕು ವಿಷಯ ಹೇಳಿದ್ದರಂತೆ. "ನಾನು ಯಾವ ಚೀಟಿಗೂ ಸಹಿ ಹಾಕಿಲ್ವಲ್ಲ ಮಿಸ್" ಎಂದರು. ಪತ್ರ ತೆಗೆದು ನೋಡಿದೆವು. ತಾಯಿಯ ಹೆಸರನ್ನು ಮಗಳೇ ದುಂಡಾಗಿ ಬರೆದಿದ್ದಳು. ಹತ್ತು ವರ್ಷದ ಆ ಮಗು ಗೋಡೆಗೆ ಒರಗಿ ಅಳುತ್ತಿತ್ತು. ಅದಕ್ಕೆ ಸುಳ್ಳು ಕಲಿಸಿದ್ದು ಬೇರೆ ಯಾರೂ ಅಲ್ಲ, ನಾನೇ.

ಆ ತಾಯಿಯನ್ನು ನಾನು ಮನಸ್ಸಿನಲ್ಲೇ 'ತಿಳಿವಳಿಕೆ ಇಲ್ಲದವರು' ಎಂಬ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ಅವರು ಹೇಳಿದ್ದು ಇದು: "ಇವಳ ಅಣ್ಣಂಗೆ ಕೂಸಿದ್ದಾಗ ಸೂಜಿ ಹಾಕಿಸ್ದೆ. ರಾತ್ರಿಯೆಲ್ಲಾ ಕೆಂಡದಂಗೆ ಜ್ವರ. ತೊಡೆ ಗಂಟು ಕಟ್ತು. ಮೂರು ದಿನ ಕೂಲಿ ಹೋಯ್ತು. ಹಿಂಗಾಗುತ್ತೆ ಅಂತ ಯಾರೂ ಹೇಳಿರಲಿಲ್ಲ. ಈಗ ಇವಳಿಗೆ ಪೆಟ್ಟೂ ಆಗಿಲ್ಲ, ಗಾಯವೂ ಇಲ್ಲ. ಯಾಕೆ ಸೂಜಿ?"

ಅದೇ ವಾರ ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡಿದ್ದೆ. 1796ರಲ್ಲಿ ಎಡ್ವರ್ಡ್ ಜೆನ್ನರ್ ಎಂಟು ವರ್ಷದ ಹುಡುಗನಿಗೆ ದನದ ಸಿಡುಬಿನ ದ್ರವವನ್ನು ಹಾಕಿದ ಕಥೆ, 1980ರಲ್ಲಿ ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂಬ ಘೋಷಣೆ, ಪ್ರತಿಕಾಯಗಳ ಬಣ್ಣದ ಚಾರ್ಟ್ ಎಲ್ಲವೂ ಇದ್ದವು. ಮಾರ್ಗದರ್ಶಕರು ಒಳ್ಳೆಯ ಅಂಕ ಕೊಟ್ಟಿದ್ದರು. ಆದರೆ ಆ ತಾಯಿಯ ಮುಂದೆ ನನ್ನ ಬಾಯಿಂದ ಬಂದದ್ದು "ಇದು ಸರ್ಕಾರದ ಆದೇಶ" ಎಂಬ ಮಾತು ಮಾತ್ರ. ಅದು ಉತ್ತರವಲ್ಲ. ನಿಜವೂ ಅಲ್ಲ. ಆದೇಶವೇ ಆಗಿದ್ದರೆ ಒಪ್ಪಿಗೆ ಪತ್ರವನ್ನು ಯಾಕೆ ಕಳಿಸಬೇಕಿತ್ತು?

ಉತ್ತರ ಕೊಟ್ಟವರು ಲಸಿಕೆ ಹಾಕಲು ಬಂದಿದ್ದ ನರ್ಸಮ್ಮ. ಅವರು ತಾಯಿಯ ಪಕ್ಕದ ಬೆಂಚಿನಲ್ಲಿ ಕೂತು, ಅಣ್ಣನಿಗೆ ಏನಾಗಿತ್ತೆಂದು ಮೊದಲು ಕೇಳಿಸಿಕೊಂಡರು. ಕೂಸಿಗೆ ಹಾಕುವ ಲಸಿಕೆಯಿಂದ ಜ್ವರ, ಗಂಟು ಬರುವುದುಂಟು, ಅದನ್ನು ಮೊದಲೇ ಹೇಳಬೇಕಿತ್ತು ಎಂದು ಒಪ್ಪಿಕೊಂಡರು. ಈ ಸೂಜಿಯಿಂದ ತೋಳು ನೋಯಬಹುದು, ಸಣ್ಣ ಜ್ವರ ಬರಬಹುದು, ಹಾಕಿದ ಮೇಲೆ ಅರ್ಧ ಗಂಟೆ ಮಗುವನ್ನು ಇಲ್ಲೇ ಕೂರಿಸಿಕೊಂಡು ನೋಡುತ್ತೇವೆ ಎಂದರು. ಆಮೇಲೆ 'ಯಾಕೆ' ಎಂಬುದಕ್ಕೆ ಬಂದರು.

ಆ 'ಯಾಕೆ' ವಿಜ್ಞಾನ ಶಿಕ್ಷಕಿಯಾಗುವ ನನಗೆ ಗೊತ್ತಿರಲೇಬೇಕಿತ್ತು. ಮೊದಲು ಈ ವಯಸ್ಸಿನಲ್ಲಿ ಕೊಡುತ್ತಿದ್ದುದು ಟಿ.ಟಿ., ಅಂದರೆ ಧನುರ್ವಾಯುವಿಗೆ ಮಾತ್ರ. ಈಗ ಕೊಡುವ ಟಿ.ಡಿ.ಯಲ್ಲಿ ಗಂಟಲುಮಾರಿಯಿಂದಲೂ ರಕ್ಷಣೆ ಇದೆ. ಕೂಸಿದ್ದಾಗ ಹಾಕಿಸಿದ ಲಸಿಕೆಯ ಬಲ ವರ್ಷ ಕಳೆದಂತೆ ತಗ್ಗುತ್ತದೆ. ಅದಕ್ಕೇ 5–6 ವರ್ಷಕ್ಕೆ ಡಿ.ಪಿ.ಟಿ., 10 ಮತ್ತು 16ನೇ ವರ್ಷಕ್ಕೆ ಟಿ.ಡಿ. ಎಂದು ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಲ್ಲಿ ಇಟ್ಟಿದ್ದಾರೆ. ಹಳ್ಳಿಯಲ್ಲಿ ಟಿ.ಟಿ. ಎಂದರೆ ಮೊಳೆ ಚುಚ್ಚಿದ ಮೇಲೆ ಹಾಕಿಸುವ ಸೂಜಿ. ಹಾಗಾಗಿ "ಪೆಟ್ಟೇ ಆಗಿಲ್ಲವಲ್ಲ" ಎಂಬ ಪ್ರಶ್ನೆ ತೀರಾ ಸಹಜ.

ಈ ಎರಡು ರೋಗಗಳಲ್ಲಿ ಇನ್ನೊಂದು ವ್ಯತ್ಯಾಸವಿದೆ. ಧನುರ್ವಾಯುವಿನ ಬ್ಯಾಕ್ಟೀರಿಯಾ ಇರುವುದು ಮಣ್ಣು, ಗೊಬ್ಬರದಲ್ಲಿ. ಅದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಊರಿನವರೆಲ್ಲ ಲಸಿಕೆ ಹಾಕಿಸಿಕೊಂಡರೂ ಹಾಕಿಸಿಕೊಳ್ಳದ ಮಗುವಿಗೆ ರಕ್ಷಣೆ ಸಿಗದು. ಗಂಟಲುಮಾರಿ ಹಾಗಲ್ಲ, ಕೆಮ್ಮು ಸೀನಿನಿಂದ ಪಕ್ಕದ ಬೆಂಚಿಗೆ ದಾಟುತ್ತದೆ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರಿಗೇ ಅಡ್ಡಬರುತ್ತದೆ. ಅದರ ವಿಷ ಹೃದಯವನ್ನೂ ಕೆಡಿಸಬಲ್ಲದು. ಹೀಗೆ ಒಂದೇ ಸೂಜಿಯಲ್ಲಿ ತನ್ನ ಮಗುವಿನ ಹಿತವೂ ಇದೆ, ನೆರೆಮನೆಯ ಮಗುವಿನ ಹಿತವೂ ಇದೆ. ಇದನ್ನು ಹೇಳಲು ಐದು ನಿಮಿಷ ಸಾಕಿತ್ತು. ನಾನು ಆ ಐದು ನಿಮಿಷದ ಬದಲು ಬೆದರಿಕೆಯನ್ನು ಆರಿಸಿಕೊಂಡೆ.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮಕ್ಕಳಿಗೆ ಲಸಿಕೆ ಹಾಕಿಸಲೇಬೇಕು. 'ಹಾಕಿಸಿದರೂ ಸರಿ, ಬಿಟ್ಟರೂ ಸರಿ' ಎಂದು ಶಿಕ್ಷಕರು ಕೈತೊಳೆದುಕೊಳ್ಳಬಾರದು. ಆದರೆ ಒಪ್ಪಿಗೆಯನ್ನು ಮಗುವಿನ ಮೇಲೆ ಒತ್ತಡ ಹಾಕಿ ಪಡೆಯುವುದು ತಪ್ಪು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅದನ್ನು ನಾವು ಪರೀಕ್ಷೆಗೆ ಬರೆದಿದ್ದೇವೆ. ಕೋವಿಡ್ ಲಸಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು ಸಂವಿಧಾನದ 21ನೇ ವಿಧಿಯ ಆಧಾರದಲ್ಲಿ ಹೇಳಿತು. ಕಾನೂನನ್ನು ಬದಿಗಿಟ್ಟರೂ ಒಂದು ಮಾತಿದೆ: ಹೆದರಿಸಿ ತರಿಸಿದ ಸಹಿಯಿಂದ ಈ ವರ್ಷದ ಲೆಕ್ಕ ಮುಗಿಯಬಹುದು, ಮುಂದಿನ ಲಸಿಕೆಗೆ ಆ ಮನೆಯ ಬಾಗಿಲು ಮುಚ್ಚುತ್ತದೆ.

2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಬೆಂಗಳೂರಿನಿಂದಲೇ ಶುರುವಾಯಿತು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ, ಬಹುಪಾಲು ಶಾಲೆಗಳಲ್ಲೇ ಲಸಿಕೆ. ನಾನಾಗ ಪಿಯುಸಿಯಲ್ಲಿದ್ದೆ, ತಮ್ಮ ಆರನೇ ತರಗತಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಯಾವುದೋ ಸಂದೇಶ ನೋಡಿ ಅಪ್ಪ ಅವನನ್ನು ಆ ದಿನ ಶಾಲೆಗೆ ಕಳಿಸಲಿಲ್ಲ. ಅಪ್ಪ ಓದು ಬರಹ ಬಲ್ಲವರು, ಮಗನ ಮೇಲೆ ಪ್ರೀತಿಯೂ ಇದ್ದವರು. ಅವರ ಮನಸ್ಸು ಬದಲಾದದ್ದು ತಮ್ಮನ ತರಗತಿಯ ಮೇಷ್ಟ್ರು ಸಂಜೆ ಮನೆಗೆ ಬಂದು, "ನನ್ನ ಮಗಳಿಗೂ ಹಾಕಿಸಿದ್ದೇನೆ, ಏನು ಅನುಮಾನವೋ ಕೇಳಿ" ಎಂದು ಕೂತಾಗ. ಇದೆಲ್ಲ ಗೊತ್ತಿದ್ದೂ ನಾನು ಶಾಲೆಯಲ್ಲಿ ಬೆತ್ತವಿಲ್ಲದ ಬೆತ್ತ ಬೀಸಿದೆ.

ಇದಕ್ಕೆ ಸಹಪಾಠಿಗಳ ಆಕ್ಷೇಪವಿದೆ. "ಗಣತಿ, ಚುನಾವಣೆ, ಬಿಸಿಯೂಟದ ಜೊತೆಗೆ ಇದೂ ನಮ್ಮ ತಲೆಗೇ? ಅದು ಆರೋಗ್ಯ ಇಲಾಖೆಯ ಕೆಲಸ" ಎನ್ನುತ್ತಾರೆ. ಅರ್ಧ ನಿಜ. ವೈದ್ಯಕೀಯ ಸಲಹೆ ಕೊಡುವುದು ನಮ್ಮ ಕೆಲಸವಲ್ಲ. ಮಗುವಿಗೆ ಅಲರ್ಜಿ ಇದ್ದರೆ, ಹಿಂದಿನ ಲಸಿಕೆಯಿಂದ ಗಂಭೀರ ತೊಂದರೆಯಾಗಿದ್ದರೆ ವೈದ್ಯರ ಬಳಿಗೇ ಕಳಿಸಬೇಕು. ಆದರೆ ಪತ್ರ ಹೋಗುವುದು ನಮ್ಮ ಕೈಯಿಂದ. ಪೋಷಕರು ಮೊದಲು ಕೇಳುವುದೂ ನಮ್ಮನ್ನೇ. "ನನಗೆ ಗೊತ್ತಿಲ್ಲ, ನರ್ಸಮ್ಮನನ್ನು ಕೇಳಿ ನಾಳೆ ಹೇಳುತ್ತೇನೆ" ಎನ್ನುವುದಕ್ಕೂ ಅಭ್ಯಾಸ ಬೇಕು.

ಆದ್ದರಿಂದ ನಮ್ಮ ಅಧ್ಯಾಪಕರಲ್ಲಿ ಎರಡು ವಿನಂತಿ. ಮೊದಲನೆಯದು, ಸೂಕ್ಷ್ಮಬೋಧನೆಯಲ್ಲಿ ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆ ಕೌಶಲಗಳ ಜೊತೆ 'ಪೋಷಕರೊಡನೆ ಮಾತು' ಎಂಬುದನ್ನೂ ಸೇರಿಸಿ. ಒಬ್ಬರು ಪೋಷಕರಾಗಿ, ಒಬ್ಬರು ಶಿಕ್ಷಕರಾಗಿ ಹತ್ತು ನಿಮಿಷ ಮಾತಾಡಲಿ, ಉಳಿದವರು ಗಮನಿಸಲಿ. ಎರಡನೆಯದು, ಇಂಟರ್ನ್‌ಶಿಪ್‌ಗೆ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಒಬ್ಬ ಆರೋಗ್ಯ ಸಹಾಯಕಿಯನ್ನು ಒಂದು ಅವಧಿಗೆ ಕರೆಸಿ. ಪೋಷಕರು ಏನು ಕೇಳುತ್ತಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ನಮ್ಮ ಪಠ್ಯಪುಸ್ತಕಕ್ಕೆ ಗೊತ್ತಿಲ್ಲ.

ಆ ದಿನ ತಾಯಿ ಒಪ್ಪಲಿಲ್ಲ. ಯೋಚನೆ ಮಾಡುತ್ತೇನೆಂದು ಹೇಳಿ ಮಗಳನ್ನು ಕರೆದುಕೊಂಡು ಹೋದರು. ಮುಂದಿನ ವಾರ ಅವರೇ ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆ ಹಾಕಿಸಿದರೆಂದು ಆಶಾ ಕಾರ್ಯಕರ್ತೆ ಹೇಳಿದರು. ಅದರ ಶ್ರೇಯ ನರ್ಸಮ್ಮನಿಗೆ ಸಲ್ಲಬೇಕು. ನಾನು ಮಾಡಿದ್ದು ಒಂದೇ. ಮರುದಿನ ತರಗತಿಯಲ್ಲಿ, ಎಲ್ಲರೆದುರು ಹೆದರಿಸಿದ್ದರಿಂದ ಎಲ್ಲರೆದುರೇ, "ಹೊರಗೆ ನಿಲ್ಲಿಸುತ್ತೇನೆ ಅಂದದ್ದು ನನ್ನ ತಪ್ಪು" ಎಂದೆ. ಆ ಹುಡುಗಿ ತಲೆ ಎತ್ತಲಿಲ್ಲ. ನನ್ನ ಇಂಟರ್ನ್‌ಶಿಪ್ ಮುಗಿಯುವವರೆಗೂ ಅವಳು ನನ್ನ ಬಳಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.