ಸೋಸುವ ಪಾತ್ರೆಯೊಳಗೆ ಏನಿರಬೇಕು?

ಯಲಬುರ್ಗಾ ಸೀಮೆಯ ಸೋದರಿಯೊಬ್ಬರು ಪತ್ರ ಬರೆದು ಒಂದು ಪ್ರಶ್ನೆಯನ್ನು ಕೇಳಿರುವರು. "ನಮ್ಮ ಮನೆಯ ಬೋರಿನ ನೀರು ನೋಡಲು ಸ್ಫಟಿಕದಂತಿದೆ, ಕುಡಿಯಲು ಸಿಹಿಯಾಗಿದೆ. ಆದರೂ ಮಕ್ಕಳ ಹಲ್ಲುಗಳ ಮೇಲೆ ಕಂದುಗೆರೆಗಳು ಮೂಡಿವೆ. ಸೋಸುವ ಪಾತ್ರೆಯಲ್ಲಿ ಮರಳನ್ನು ತುಂಬಬೇಕೋ, ಇದ್ದಿಲನ್ನು ತುಂಬಬೇಕೋ, ಅಂಗಡಿಯವರು ಹೇಳುವ ಬಿಳಿಯ ಹರಳನ್ನು ತುಂಬಬೇಕೋ ತಿಳಿಯದಾಗಿದೆ" ಎಂಬುದು ಅವರ ಪತ್ರದ ಸಾರಾಂಶ. ಇದಕ್ಕೆ ಉತ್ತರ ಬರೆಯುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಮೂವತ್ತು ವರ್ಷಗಳಿಗೂ ಹಿಂದೆ ನಾನು ಕುಷ್ಟಗಿ ತಾಲೂಕಿನ ಹಳ್ಳಿಯ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆನು. ಮಕ್ಕಳಿಗೆ ಶುದ್ಧೋದಕವನ್ನು ಕುಡಿಸಬೇಕೆಂಬ ಉತ್ಸಾಹದಿಂದ ಒಂದರ ಮೇಲೊಂದು ಮೂರು ಗಡಿಗೆಗಳನ್ನಿಡಿಸಿ, ಬೆಣಚುಕಲ್ಲು, ಮರಳು, ಇದ್ದಿಲುಗಳನ್ನು ತುಂಬಿಸಿ, ಬೋರಿನ ನೀರನ್ನು ಅದರಲ್ಲಿ ಸೋಸಿ ಕೊಡುತ್ತಿದ್ದೆನು. ಪ್ರತಿ ಸೋಮವಾರ ಉಗುರು, ಹಲ್ಲುಗಳ ತಪಾಸಣೆಯೂ ನಡೆಯುತ್ತಿತ್ತು. ಒಬ್ಬ ಹುಡುಗನ ಮುಂದಿನ ಹಲ್ಲುಗಳು ಸದಾ ಕಂದಾಗಿರುತ್ತಿದ್ದವು. "ದಿನಾ ತಿಕ್ಕತೀನ್ರಿ ಸರ್ರ, ಹೋಗವಲ್ದ್ರಿ" ಎಂದು ಅವನು ಅಂಗಲಾಚಿದರೂ ನಾನು ನಂಬದೆ, ಸುಳ್ಳು ಹೇಳುತ್ತಾನೆಂದು ಬೈದು ತರಗತಿಯ ಮುಂದೆ ನಿಲ್ಲಿಸಿದೆನು. ಮರುವರ್ಷ ದಂತಪರೀಕ್ಷೆಗೆ ಬಂದ ವೈದ್ಯರೊಬ್ಬರು ಅವನ ಬಾಯಿ ನೋಡಿ ಹೇಳಿದರು: "ಇದು ಕೊಳೆಯಲ್ಲ, ಮಾಸ್ತರರೇ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಕಾಲದಲ್ಲಿಯೇ ನೀರಿನ ಫ್ಲೋರೈಡು ಅದರ ಮೆರುಗನ್ನು ಕೆಡಿಸಿದೆ. ಎಷ್ಟು ತಿಕ್ಕಿದರೂ ಹೋಗದು." ನನ್ನ ಮೂರು ಗಡಿಗೆಗಳು ಆ ಫ್ಲೋರೈಡನ್ನು ಕಿಂಚಿತ್ತೂ ತಡೆದಿರಲಿಲ್ಲ. ನಾನು ಹುಟ್ಟುವ ಮೊದಲೇ, 1937ರಲ್ಲಿ, ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಈ ವ್ಯಾಧಿಯ ವರದಿ ಪ್ರಕಟವಾಗಿತ್ತು. ಗ್ರಂಥದಲ್ಲಿದ್ದ ಆ ತಿಳಿವಳಿಕೆ ನನ್ನ ತರಗತಿಯವರೆಗೆ ಬಂದಿರಲಿಲ್ಲ.

ನನ್ನ ತಪ್ಪಿನ ಮೂಲವೇನೆಂಬುದನ್ನು ಈಚೆಗೆ ಮೊಮ್ಮಗನು ಇನ್ನೂ ಸ್ಪಷ್ಟಪಡಿಸಿದನು. ಅವನು ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಕಡಲಿನ ಮೀನುಗಳನ್ನು ಸಾಕಿರುವನು. "ಅಜ್ಜಾ, ಈ ಸ್ಪಂಜು ಕಸವನ್ನು ಹಿಡಿಯುತ್ತದೆ. ಈ ರಂಧ್ರಗಳುಳ್ಳ ಕಲ್ಲಿನಲ್ಲಿ ಮೀನಿನ ಹೊಲಸನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ನೆಲೆಸುತ್ತವೆ. ಈ ಇದ್ದಿಲು ನೀರಿನ ಬಣ್ಣವನ್ನು ತೆಗೆಯುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ" ಎಂದನು. ಮೀನಿನ ವಿಷಯದಲ್ಲಿ ಬಾಲಕನಿಗಿದ್ದ ವಿವೇಕ ಮಕ್ಕಳ ವಿಷಯದಲ್ಲಿ ನನಗಿರಲಿಲ್ಲ! ಪ್ರತಿಯೊಂದು ದ್ರವ್ಯಕ್ಕೂ ತನ್ನದೇ ಆದ ಗುಣಧರ್ಮವುಂಟು. ದೋಷವಾವುದೆಂದು ತಿಳಿಯದೆ ದ್ರವ್ಯವನ್ನು ಆರಿಸುವುದು ರೋಗವನ್ನರಿಯದೆ ಔಷಧ ಕೊಟ್ಟಂತೆಯೇ ಸರಿ.

ನೀರಿನ ದೋಷಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು: ತೇಲಾಡುವ ಮಣ್ಣು ಕಸ, ರೋಗಾಣುಗಳು, ಮತ್ತು ಕರಗಿ ಕಣ್ಣಿಗೆ ಕಾಣದಿರುವ ಲವಣಗಳು. ಗಂಗಾವತಿಯ ಕಡೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು ಬಳಸುವವರಿಗೆ ಮೊದಲೆರಡು ದೋಷಗಳೇ ಮುಖ್ಯ. ಅಲ್ಲಿ ಮರಳಿನಿಂದ ಸೋಸಿ, ಚೆನ್ನಾಗಿ ಕುದಿಸಿ ಆರಿಸಿದ ನೀರು ಉತ್ತಮವೇ. ಕುಷ್ಟಗಿ, ಯಲಬುರ್ಗಾ, ಕೊಪ್ಪಳಗಳ ಬೋರುಗಳ ಮಾತು ಬೇರೆ. ಗಟ್ಟಿಶಿಲೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರು ಆ ಶಿಲೆಯಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಸುಣ್ಣದ ಅಂಶ ಕಡಿಮೆಯಿರುವ ಮೆದುನೀರಿನಲ್ಲಿಯೇ ಇದು ಹೆಚ್ಚಾಗಿರುವುದುಂಟು. ಆದುದರಿಂದ ಸಿಹಿನೀರೆಂದ ಮಾತ್ರಕ್ಕೆ ನಿರ್ದೋಷವೆಂದು ತಿಳಿಯಲಾಗದು.

ಇನ್ನು ಒಂದೊಂದೇ ದ್ರವ್ಯವನ್ನು ವಿಚಾರಿಸೋಣ.

ಮರಳು ಮಣ್ಣನ್ನು ತಡೆಯುವುದು, ಕರಗಿದುದನ್ನು ತಡೆಯಲಾರದು. ಇದ್ದಿಲು ವಾಸನೆಯನ್ನೂ ಬಣ್ಣವನ್ನೂ ಹೀರುವುದು, ಫ್ಲೋರೈಡನ್ನು ಬಿಟ್ಟುಬಿಡುವುದು. ಬಹುದಿನ ಬದಲಾಯಿಸದೆ ಇಟ್ಟರೆ ಅದೇ ರೋಗಾಣುಗಳ ಮನೆಯಾಗುವುದು. ಕುದಿಸುವುದರಿಂದ ರೋಗಾಣುಗಳು ಸಾಯುವುವು, ಆದರೆ ಫ್ಲೋರೈಡು ಆವಿಯಾಗದು. ಲೀಟರಿಗೆ 1.5 ಮಿಲಿಗ್ರಾಂ ಇರುವ 4 ಲೀಟರು ನೀರನ್ನು ಕುದಿಸಿ 3 ಲೀಟರಿಗೆ ಇಳಿಸಿದರೆ ಅದರ ಪ್ರಮಾಣ 2 ಮಿಲಿಗ್ರಾಮಿಗೆ ಏರುವುದು. ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ ನೋಡಿರಿ.

ಚಿಲ್ಲದ ಬೀಜವನ್ನು ತೇಯ್ದು ಬಗ್ಗಡ ನೀರನ್ನು ತಿಳಿಮಾಡುವ ಪದ್ಧತಿ ನಮ್ಮಲ್ಲಿ ಪುರಾತನವಾದುದು. ಸಂಸ್ಕೃತದಲ್ಲಿ ಅದಕ್ಕೆ ಕತಕವೆಂದು ಹೆಸರು. ಅದು ಕೂಡ ಮಣ್ಣನ್ನು ತಳಕ್ಕಿಳಿಸುವುದೇ ಹೊರತು ಫ್ಲೋರೈಡಿನ ವಿಷಯದಲ್ಲಿ ಅದನ್ನು ನಂಬಲಾಗದು.

ಫಟಕಿಯನ್ನು ಸುಣ್ಣದೊಡನೆ ಬೆರೆಸಿದರೆ ಉಂಟಾಗುವ ಹಿಂಜಿದ ಅರಳೆಯಂತಹ ಗಸಿ ಫ್ಲೋರೈಡನ್ನು ಹಿಡಿದುಕೊಂಡು ಕೆಳಗಿಳಿಯುತ್ತದೆ. ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನ ಸಂಸ್ಥೆಯವರು ರೂಪಿಸಿದ ಈ ಕ್ರಮಕ್ಕೆ ನಲಗೊಂಡ ವಿಧಾನವೆಂದು ಹೆಸರು. ಆದರೆ ಪ್ರಮಾಣವನ್ನು ಪರೀಕ್ಷೆಯಿಂದ ಗೊತ್ತುಮಾಡಬೇಕು. ಕಣ್ಣಳತೆಯಿಂದ ಹಾಕಿದರೆ ಕೆಲಸ ಅಪೂರ್ಣವಾಗುವುದು, ಇಲ್ಲವೆ ನೀರಿನಲ್ಲಿ ಅಲ್ಯೂಮಿನಿಯಮ್ ಉಳಿಯುವುದು. ಮೂಳೆಯ ಇದ್ದಿಲಿಗೂ ಫ್ಲೋರೈಡನ್ನು ಹಿಡಿಯುವ ಶಕ್ತಿಯುಂಟು. ಆದರೆ ಅನೇಕ ಮನೆಗಳು ಅದನ್ನು ಒಳಗೆ ಸೇರಿಸಲಾರವು.

ಸೋದರಿಯು ಕೇಳಿದ ಬಿಳಿಯ ಹರಳು ಸಕ್ರಿಯ ಅಲ್ಯೂಮಿನಾ ಆಗಿರಬೇಕು. ಇದು ಫ್ಲೋರೈಡಿಗೆ ತಕ್ಕ ದ್ರವ್ಯವೇ ಸರಿ. ಇದರಲ್ಲಿ ಒಂದು ಕುಂದುಂಟು. ಇದರ ಹೀರುವ ಶಕ್ತಿಗೆ ಮಿತಿಯಿದೆ. ನಮ್ಮ ಬೋರುಗಳ ಕ್ಷಾರಗುಣವುಳ್ಳ ನೀರಿನಲ್ಲಿ ಆ ಶಕ್ತಿ ಇನ್ನೂ ಬೇಗ ತೀರುವುದು. ತೀರಿದ ಮೇಲೂ ನೀರು ಮೊದಲಿನಂತೆಯೇ ತಿಳಿಯಾಗಿ, ಮೊದಲಿನ ವೇಗದಲ್ಲಿಯೇ ಇಳಿಯುತ್ತಿರುವುದು. ಮನೆಯವರಿಗೆ ಸುಳಿವೇ ಸಿಗದು. ಕಾಸ್ಟಿಕ್ ಸೋಡಾ ಮತ್ತು ಆಮ್ಲಗಳಿಂದ ತೊಳೆದು ಅದಕ್ಕೆ ಶಕ್ತಿಯನ್ನು ಮರಳಿ ಕೊಡಬೇಕಾಗುವುದು. ಇದು ಮಕ್ಕಳಿರುವ ಅಡಿಗೆಮನೆಯಲ್ಲಿ ಮಾಡತಕ್ಕ ಕೆಲಸವಲ್ಲ. ನೀರನ್ನು ಆಗಾಗ ಪರೀಕ್ಷಿಸಿ, ಹರಳನ್ನು ಬದಲಿಸಿಕೊಡುವವರು ಹತ್ತಿರವಿದ್ದರೆ ಮಾತ್ರ ಇದನ್ನು ಕೊಳ್ಳಿರಿ.

ಆರ್.ಓ. ಯಂತ್ರದ ತೆಳುಪೊರೆ ಲವಣಗಳನ್ನೂ ಫ್ಲೋರೈಡನ್ನೂ ಬಹುಮಟ್ಟಿಗೆ ತಡೆಯುತ್ತದೆ. ನಾಣ್ಯ ಹಾಕಿ ಕೊಡ ತುಂಬಿಸುವ ಊರಿನ ಶುದ್ಧ ನೀರಿನ ಘಟಕಗಳಲ್ಲಿರುವುದೂ ಸಾಮಾನ್ಯವಾಗಿ ಇದೇ. ಮನೆಯ ಯಂತ್ರದಲ್ಲಿ ಒಂದು ಕೊಡ ಒಳ್ಳೆಯ ನೀರಿಗೆ ಎರಡು ಮೂರು ಕೊಡ ಹೊರಹೋಗುವುದುಂಟು. ಆ ನೀರಿನಲ್ಲಿ ಫ್ಲೋರೈಡು ಇನ್ನೂ ಹೆಚ್ಚಾಗಿರುವುದರಿಂದ ನೆಲ ಸಾರಿಸಲು ಬಳಸಿರಿ, ದನಕರುಗಳಿಗೆ ಕುಡಿಸಬೇಡಿರಿ.

ಹಾಗಾದರೆ ನನ್ನ ಮೂರು ಗಡಿಗೆಗಳು ವ್ಯರ್ಥವೇ? ಅಲ್ಲ. ಮಳೆಯ ನೀರಿನಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಕಡಿಮೆ. ಮಾಳಿಗೆಯ ನೀರನ್ನು ಸಂಗ್ರಹಿಸುವವರಿಗೆ ಮರಳು, ಇದ್ದಿಲುಗಳೇ ತಕ್ಕ ದ್ರವ್ಯಗಳು. 30 ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 500 ಮಿಲಿಮೀಟರು ಮಳೆಯಾದರೆ 15,000 ಲೀಟರಾಯಿತು. ಐದನೆಯ ಒಂದು ಪಾಲು ಹೋದರೂ 12,000 ಉಳಿಯುವುದು. ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾದುದು 9,125 ಲೀಟರು ಮಾತ್ರ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ತೊಟ್ಟಿಯನ್ನು ಭದ್ರವಾಗಿ ಮುಚ್ಚಿ, ಕುದಿಸಿ ಕುಡಿಯಬೇಕು.

ಸೋದರಿಗೆ ನನ್ನ ಉತ್ತರವಿಷ್ಟು: ಪಾತ್ರೆಯನ್ನು ಕೊಳ್ಳುವ ಮೊದಲು ನೀರಿನ ಪರೀಕ್ಷೆಯಾಗಲಿ. ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ, ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯಕ್ಕೆ ನೀರನ್ನು ಕಳುಹಿಸಿರಿ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡು ಗ್ರಾಹ್ಯ; ಬೇರೆ ಜಲಮೂಲವಿಲ್ಲದಿದ್ದರೆ 1.5ರವರೆಗೆ ಸಹ್ಯ. ಮೀರಿದ್ದರೆ ಮೊದಲು ಎಂಟು ವರ್ಷದೊಳಗಿನ ಮಕ್ಕಳಿಗೆ ಬೇರೆ ನೀರನ್ನು ಒದಗಿಸಿರಿ. ಬಾಯಿ ತುಂಬುವ ಹಲ್ಲುಗಳು ರೂಪುಗೊಳ್ಳುವುದು ಆ ವಯಸ್ಸಿನಲ್ಲಿಯೇ. ಅಡಿಗೆಗೂ ಅದೇ ನೀರಿರಲಿ. ಚಹದ ಎಲೆಯಲ್ಲಿಯೂ ಫ್ಲೋರೈಡು ಇರುವುದರಿಂದ ಮಕ್ಕಳಿಗೆ ಚಹ ಬೇಡ, ಹಾಲು ಕೊಡಿರಿ.

ಕತಕದ ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ ನೀರು ತಿಳಿಯಾಗದೆಂಬ ಅಭಿಪ್ರಾಯ ಮನುಸ್ಮೃತಿಯಲ್ಲಿದೆ. ನಾನು ಅದನ್ನು ಪಾಠವಾಗಿ ಕಲಿತಿದ್ದೆನು, ಕಲಿಸಿಯೂ ಇದ್ದೆನು. ಆದರೂ "ಸೋಸಿದ ನೀರು" ಎಂಬ ಹೆಸರಿಗೇ ಮರುಳಾದೆನು. ಅಂದು ನಾನು ನಿಲ್ಲಿಸಿದ ಹುಡುಗನು ಈಗ ಗೃಹಸ್ಥನು. ಕಳೆದ ವರ್ಷ ಜಾತ್ರೆಯಲ್ಲಿ ಸಿಕ್ಕಾಗ ಆದರದಿಂದ ಮಾತನಾಡಿಸಿದನು. ನಗು ಬಂದಾಗ ಮಾತ್ರ ಬಾಯಿಗೆ ಕೈಯನ್ನು ಅಡ್ಡ ಹಿಡಿದನು. "ಅಂದು ನೀನು ಹೇಳಿದ್ದು ಸತ್ಯವಪ್ಪಾ, ತಪ್ಪು ನನ್ನದು" ಎಂದೆನು. ಅವನು ಉತ್ತರ ಕೊಡಲಿಲ್ಲ. ಬಳಿಯಲ್ಲಿದ್ದ ಮಗಳನ್ನು ಮುಂದೆ ಕರೆದು, "ಸರ್ರಿಗೆ ನಿನ್ನ ಹಲ್ಲು ತೋರಿಸವ್ವಾ" ಎಂದನು. ಘಟಕದ ನೀರು ಕುಡಿದು ಬೆಳೆದ ಆ ಕೂಸಿನ ಹಲ್ಲುಗಳು ಮಲ್ಲಿಗೆಯ ಮೊಗ್ಗಿನಂತಿದ್ದವು.