ಪಲೆಂಕೆಯ ಅರಮನೆ ಮಯನದಲ್ಲ

ಕಳೆದ ತಿಂಗಳು ನಮ್ಮ ಸಂಘದ ಕೂಟದಲ್ಲಿ, ಮೆಕ್ಸಿಕೋ ದೇಶವನ್ನು ಸಂಚರಿಸಿ ಬಂದ ಮಿತ್ರರೊಬ್ಬರು ಪಲೆಂಕೆಯ ಹಾಳು ಅರಮನೆಯನ್ನು ಕುರಿತು ಭಾಷಣ ಮಾಡಿದರು. ವರ್ಣನೆ ಸೊಗಸಾಗಿತ್ತು. ಆದರೆ ಉಪಸಂಹಾರದಲ್ಲಿ ಅವರು, ಆ ಅರಮನೆಯನ್ನು ಕಟ್ಟಿದ ‘ಮಾಯಾ’ ಜನರು ಮತ್ತಾರೂ ಅಲ್ಲ, ಧರ್ಮರಾಯನಿಗೆ ಸಭೆಯನ್ನು ಕಟ್ಟಿಕೊಟ್ಟ ಮಯನ ವಂಶದವರೇ ಎಂದು ಸಾರಿದಾಗ ದೊಡ್ಡ ಕರತಾಡನವಾಯಿತು. ಆ ಕರತಾಡನವೇ ಈ ಲೇಖನಕ್ಕೆ ಕಾರಣ. ಆ ಅರಮನೆಯನ್ನು ನಾನೂ ಒಮ್ಮೆ ನೋಡಿ ಬಂದವನು. ಮಿತ್ರರಲ್ಲಿ ನನಗೆ ಗೌರವವುಂಟು. ಅವರ ಮತದಲ್ಲಿ ಇಲ್ಲ.

ಪೂರ್ವಪಕ್ಷವನ್ನು ಮೊದಲು ಹೇಳುವುದು ನ್ಯಾಯ. ಈ ಮತ ಹೊಸದಲ್ಲ. 1940ರಲ್ಲಿ ಚಮನ್ ಲಾಲರು ‘ಹಿಂದೂ ಅಮೆರಿಕ’ ಎಂಬ ಗ್ರಂಥದಲ್ಲಿ ಇಂಥದನ್ನೇ ಪ್ರತಿಪಾದಿಸಿದ್ದರು. ಮಿತ್ರರು ಹೇಳಿದ ಆಧಾರಗಳು ಮೂರು: ಒಂದು, ಹೆಸರಿನ ಸಾಮ್ಯ, ಎರಡು, ಆನೆಯೇ ಇಲ್ಲದ ಆ ದೇಶದ ಶಿಲ್ಪದಲ್ಲಿ ಆನೆಯ ಮುಖ ಕಾಣುವುದು, ಮೂರು, ಕಾಡಿನ ಜನರಿಂದ ಇಂಥ ಅರಮನೆ ಸಾಧ್ಯವಲ್ಲವೆಂಬುದು.

ಹೆಸರನ್ನು ಮೊದಲು ನೋಡೋಣ. ‘ಮಾಯಾ’ ಎಂಬುದು ಉತ್ತರದ ಯೂಕಟಾನ್ ಪ್ರಾಂತದ ಜನರ ಮಾತು. ಅದನ್ನು ಆ ಕುಲದ ಎಲ್ಲ ಜನರಿಗೂ ಅನ್ವಯಿಸಿದವರು ಈಚಿನ ವಿದ್ವಾಂಸರು. ಪಲೆಂಕೆ ಎಂಬುದಾದರೋ ಸ್ಪೇನಿನವರ ಶಬ್ದ. ಅರಮನೆಯ ಒಡೆಯರು ತಮ್ಮ ಊರನ್ನು ಲಕಮ್‌ಹಾ, ಎಂದರೆ ಹಿರಿಯ ನೀರು, ಎಂದು ಕರೆದರು. ತಮ್ಮ ರಾಜ್ಯವನ್ನು ಬಾಕಲ್ ಎಂದರು. ಹೀಗಿರಲು ಮಯನು ಎಲ್ಲಿಂದ ಬಂದ? ಕಿವಿಗೆ ಕೇಳಿದ್ದೇ ಪ್ರಮಾಣವಾದರೆ ಇನ್ನೂ ಒಂದು ಮಾತುಂಟು: ಪಲೆಂಕೆಯ ಸುತ್ತಣ ಹಳ್ಳಿಗಳಲ್ಲಿ ಇಂದಿಗೂ ಆಡುವ ಭಾಷೆಗೆ ಚೋಲ್ ಎಂದು ಹೆಸರು. ಅವರನ್ನು ತಂಜಾವೂರಿನ ಚೋಳರೆಂದು ಹೇಳಲು ಮಿತ್ರರು ಸಿದ್ಧರೆ?

ಆನೆಯ ಕಥೆ ಇನ್ನೂ ವಿನೋದಕರ. 1832ರಲ್ಲಿ ಪಲೆಂಕೆಗೆ ಹೋದ ವಾಲ್ಡೆಕ್ ಎಂಬ ಚಿತ್ರಕಾರನು ಅಲ್ಲಿನ ಲಿಪಿಯನ್ನು ಪ್ರತಿಮಾಡುವಾಗ ಆನೆಯ ತಲೆಗಳನ್ನು ಬರೆದ. ಅನಂತರ ಮಾಡ್ಸ್‌ಲೇ ಮೊದಲಾದವರು ಅದೇ ಶಿಲೆಗಳ ಛಾಯಾಚಿತ್ರಗಳನ್ನು ತೆಗೆದರು, ಅವುಗಳಲ್ಲಿ ಆನೆಯಿಲ್ಲ. ಆನೆ ಇದ್ದದ್ದು ವಾಲ್ಡೆಕನ ಲೇಖನಿಯಲ್ಲಿ.

ಇನ್ನು ಮೂರನೆಯ ಆಧಾರ. ಇದಕ್ಕೆ ಉತ್ತರ ಹೇಳುವುದು ಅರಮನೆಯೇ. ಚಿಯಾಪಸ್ ಪ್ರಾಂತದ ಕಾಡುಗುಡ್ಡಗಳ ಅಂಚಿನಲ್ಲಿ, ಸುಮಾರು 300 ಅಡಿ ಉದ್ದದ ಜಗತಿಯ ಮೇಲೆ ಅದು ನಿಂತಿದೆ. ಮೇಲೆ ಅಂಗಳಗಳು, ಅಂಗಳಗಳ ಸುತ್ತ ಮೊಗಸಾಲೆಗಳು, ನಡುವೆ ನಾಲ್ಕು ಅಂತಸ್ತಿನ ಗೋಪುರ. ಎರಡು ಗೋಡೆಗಳಿಂದಲೂ ಕಲ್ಲನ್ನು ವರಸೆವರಸೆಯಾಗಿ ಮುಂಚಾಚಿ, ಮೇಲೆ ಕೂಡಿಸಿ ಛಾವಣಿಯನ್ನು ಕಟ್ಟಿದ್ದಾರೆ. ಪಕ್ಕದಲ್ಲಿ ಹರಿಯುವ ತೊರೆಯನ್ನು ಕಲ್ಲಿನ ಕಾಲುವೆಯಲ್ಲಿ ಅಡಗಿಸಿ ಸಾಗಿಸಿದ್ದಾರೆ. ಲೋಹದ ಉಳಿಯಿಲ್ಲದೆ, ಹೇರುವ ಪಶುವಿಲ್ಲದೆ ಇದನ್ನು ಮಾಡಿದರು. ಆಶ್ಚರ್ಯಪಡಬೇಕಾದುದೇ ಸರಿ. ಆದರೆ ಆಶ್ಚರ್ಯವು ಕರ್ತೃವನ್ನು ಬದಲಾಯಿಸಲು ಕಾರಣವಾಗಲಾರದು.

ಅದಲ್ಲದೆ ಈ ಅರಮನೆ ಮೂಕವಲ್ಲ. ಒಂದು ಮೊಗಸಾಲೆಯ ಗೋಡೆಯಲ್ಲಿ ಅಂಡಾಕಾರದ ಫಲಕವೊಂದಿದೆ: ಅದರಲ್ಲಿ ತಾಯಿಯಾದ ಸಕ್ ಕುಕ್ ಮಗನಿಗೆ ಕಿರೀಟವನ್ನು ಕೊಡುತ್ತಿದ್ದಾಳೆ. ಆ ಮಗನೇ ಪಕಲ್ ಮಹಾರಾಜ. ಅವನು 603ರಲ್ಲಿ ಹುಟ್ಟಿ, 615ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು, 683ರಲ್ಲಿ ತೀರಿಕೊಂಡ. ನಮ್ಮ ಇಮ್ಮಡಿ ಪುಲಿಕೇಶಿಗೆ ಅವನು ಸಮಕಾಲೀನ. ಈಗ ಕಾಣುವ ಅರಮನೆಯ ಬಹುಭಾಗ ಅವನೂ ಅವನ ಮಕ್ಕಳೂ ಕಟ್ಟಿಸಿದ್ದು. ಇನ್ನೊಂದೆಡೆ ಮೆಟ್ಟಿಲ ಮೇಲೆ, 599ರಲ್ಲಿ ಶತ್ರುಗಳು ಬಂದು ತಮ್ಮ ಊರನ್ನು ಮುರಿದರೆಂದು ಅವರೇ ಕೆತ್ತಿಸಿದ್ದಾರೆ. ತಮ್ಮ ಸೋಲನ್ನು ಕೂಡ ಕಲ್ಲಿನಲ್ಲಿ ಬರೆಸಿಟ್ಟ ಜನರಿಗೆ, ನೀವು ಯಾರೆಂದು ನಾವು ಹೇಳಿಕೊಡಬೇಕೆ?

ಈ ಬರಹ ಬಹುಕಾಲ ಯಾರಿಗೂ ಓದಲು ಬಾರದಿದ್ದುದು ನಿಜ. 1562ರಲ್ಲಿ ಯೂಕಟಾನಿನ ಮಾನಿ ಎಂಬಲ್ಲಿ ಲಾಂಡಾ ಎಂಬ ಪಾದ್ರಿಯು ಆ ಜನರ ಪುಸ್ತಕಗಳನ್ನು ರಾಶಿಹಾಕಿ ಸುಡಿಸಿದ. ಇಂದು ಉಳಿದಿರುವ ಹಳೆಯ ಪುಸ್ತಕಗಳು ನಾಲ್ಕೇ. 1952ರಲ್ಲಿ ರಷ್ಯದ ಕ್ನೊರೊಸೊವ್ ಪಂಡಿತನು ಅಕ್ಷರಗಳ ಮರ್ಮವನ್ನು ತೋರಿಸಿದ. 1973ರಲ್ಲಿ ಪಲೆಂಕೆಯಲ್ಲಿಯೇ ಕೂಡಿದ ವಿದ್ವಾಂಸರು ಅಲ್ಲಿನ ರಾಜಾವಳಿಯನ್ನು ಜೋಡಿಸಿದರು. ಶಾಸನಗಳ ಭಾಷೆ ಯಾವ ಕುಲದ್ದೆಂಬುದೂ ಸಿದ್ಧವಾಯಿತು: ಚೋಲ್ ಭಾಷೆಯ ಕುಲದ್ದು, ಸಂಸ್ಕೃತದ್ದಲ್ಲ.

ನಮ್ಮವರಷ್ಟೇ ತಪ್ಪಿದವರೆಂದು ನಾನು ಹೇಳುವುದಿಲ್ಲ. ಪಲೆಂಕೆಯನ್ನು ಫಿನೀಷಿಯನರು ಕಟ್ಟಿದರೆಂದರು. ಮುಳುಗಿಹೋದ ಅಟ್ಲಾಂಟಿಸಿನವರು ಕಟ್ಟಿದರೆಂದರು. 1968ರಲ್ಲಿ ಡಾನಿಕೆನ್ ಎಂಬಾತನು, ಪಕಲನ ಸಮಾಧಿಯ ಮುಚ್ಚಳದಲ್ಲಿರುವುದು ಆಕಾಶನೌಕೆಯ ಸವಾರನೆಂದು ಬರೆದ. ಇವರೆಲ್ಲರೂ ಕರ್ತೃವಿನ ವಿಷಯದಲ್ಲಿ ಪರಸ್ಪರ ವಿರುದ್ಧರು; ಒಂದೇ ಒಂದು ಮಾತಿನಲ್ಲಿ ಏಕಮತ್ಯ: ಅಲ್ಲಿ ವಾಸವಾಗಿರುವ ಜನರ ಹಿರಿಯರು ಮಾತ್ರ ಕಟ್ಟಿರಲಾರರು! 1840ರಲ್ಲಿ ಆ ಅರಮನೆಯ ಮೊಗಸಾಲೆಯಲ್ಲೇ ಮಳೆ ಸೊಳ್ಳೆಗಳ ನಡುವೆ ತಂಗಿದ್ದ ಸ್ಟೀಫನ್ಸ್, ಲಿಪಿಯ ಒಂದಕ್ಷರವೂ ತಿಳಿಯದಿದ್ದರೂ, ಇದು ಈ ನೆಲದವರದೇ ಕೆಲಸವೆಂದು ನಿರ್ಣಯಿಸಿದ. ಅವನಿಗಿದ್ದ ವಿವೇಕ ನಮಗೇಕಿರಬಾರದು?

“ನಮ್ಮ ದೇಶಕ್ಕೆ ಕೀರ್ತಿ ಬಂದರೆ ಯಾರಿಗೇನು ನಷ್ಟ?” ಎಂದು ಕೂಟದಲ್ಲಿ ಒಬ್ಬರು ಕೇಳಿದರು. ನಷ್ಟ ಆ ಜನರದು. ಮಾಯಾ ಕುಲದ ಭಾಷೆಗಳನ್ನಾಡುವವರು ಇಂದಿಗೂ ಲಕ್ಷಾಂತರ ಮಂದಿ ಇದ್ದಾರೆ. 1994ರ ಜನವರಿಯಲ್ಲಿ ಇದೇ ಚಿಯಾಪಸಿನ ರೈತರು ನೆಲಕ್ಕಾಗಿ, ಮಾನಕ್ಕಾಗಿ ದಂಗೆಯೆದ್ದರು. ಅವರಲ್ಲಿ ಹೆಚ್ಚಿನವರು ಈ ಕುಲದವರೇ. ಅರಮನೆಯ ದಾರಿಯಲ್ಲಿ ಕೈಕೆಲಸದ ಸಾಮಾನುಗಳನ್ನು ಹರವಿಕೊಂಡು ಕುಳಿತ ಹೆಂಗಸರನ್ನು ನಾನು ನೋಡಿದೆ. ಅವರೆದುರಿನಲ್ಲೇ ಯಾತ್ರಿಕರು, ಕಟ್ಟಿದವರು ‘ಮಾಯವಾದರು’ ಎಂದು ಹೇಳಿಕೊಂಡು ಹೋಗುತ್ತಿದ್ದರು. ನೆಲವನ್ನು ಕಳೆದುಕೊಂಡವರಿಂದ ಹಿರಿಯರನ್ನೂ ಕಸಿದುಕೊಳ್ಳುವುದು ಕೀರ್ತಿಯೆ?

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರಿದೆ. ಪರದೇಶದವನೊಬ್ಬನು ಬಂದು ಆ ಹೆಸರನ್ನು ಓದದೆ, ಇದು ನಮ್ಮವರ ಕೆಲಸವೆಂದರೆ ನಾವು ಕರತಾಡನ ಮಾಡುವೆವೆ? ಶಾಸನಗಳನ್ನೋದಿ ತನ್ನ ಚರಿತ್ರೆಯನ್ನು ಕಟ್ಟಿಕೊಂಡ ನಾಡು ನಮ್ಮದು. ಇನ್ನೊಬ್ಬರ ಶಾಸನಗಳನ್ನು ಅಲಕ್ಷಿಸುವ ಅಧಿಕಾರ ಎಲ್ಲರಿಗಿಂತ ನಮಗೆ ಕಡಮೆ.

ಆ ಭಾಷಣವನ್ನು ಸಂಘದ ವಾರ್ಷಿಕ ಸಂಚಿಕೆಯಲ್ಲಿ ಅಚ್ಚುಹಾಕಿಸಬೇಕೆಂದು ನಿಶ್ಚಯವಾಗಿದೆಯಂತೆ. ವರ್ಣನೆಯ ಭಾಗವನ್ನು ಅವಶ್ಯವಾಗಿ ಅಚ್ಚುಹಾಕಿಸಲಿ. ಮಕ್ಕಳು ಓದಿ ಸಂತೋಷಪಡುವರು. ಮಯನ ಭಾಗವನ್ನು ತೆಗೆದು ಆ ಸ್ಥಳದಲ್ಲಿ ಪಕಲನ ಹೆಸರನ್ನೂ ಅವನ ತಾಯಿಯ ಹೆಸರನ್ನೂ ಸೇರಿಸಬೇಕೆಂದು ಕಾರ್ಯಸಮಿತಿಯವರನ್ನು ಪ್ರಾರ್ಥಿಸುತ್ತೇನೆ.