ಸ್ಲೋ ಎನ್ನುವ ಮೊದಲು ಅಳೆದು ನೋಡಿ



ಕಂಪ್ಯೂಟರ್ ಲ್ಯಾಬಿನಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳುವ ಮಾತು ಇದು: "ಮಾಸ್ಟ್ರೇ, ಈ ಸಿಸ್ಟಮ್ ಭಾರೀ ಸ್ಲೋ." ಅದರ ಬೆನ್ನಿಗೇ ಇನ್ನೊಂದು: "ನಮ್ಮ ಮನೆಯಲ್ಲಿ ವಿಂಡೋಸ್ ಉಂಟು, ಅದು ಫಾಸ್ಟ್. ಇಲ್ಲಿಯ ಲಿನಕ್ಸೇ ಸ್ಲೋ." ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳಲ್ಲಿ ಇರುವುದು ಕೈಟ್ ಸಂಸ್ಥೆ ಸಿದ್ಧಪಡಿಸಿದ, ಉಬುಂಟು ಆಧಾರಿತ ಗ್ನು/ಲಿನಕ್ಸ್. ಹಾಗಾಗಿ ಈ ಬೈಗುಳ ಹೆಚ್ಚಾಗಿ ಅದಕ್ಕೇ ಸಲ್ಲುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಈ ಎರಡು ಮಾತುಗಳೂ ವಿಜ್ಞಾನದ ಮಾತುಗಳಲ್ಲ. ಯಾವ ಕೆಲಸ, ಯಾವ ಯಂತ್ರದಲ್ಲಿ, ಎಷ್ಟು ಮಿಲಿಸೆಕೆಂಡ್ ತಡ ಎಂದು ಹೇಳದಿದ್ದರೆ ಅದು ಬರೀ ದೂರು. ಅಳೆಯದ ದೂರಿನಿಂದ ನಷ್ಟ ಯಾರಿಗೆ? ನಿಮಗೇ. "ಸ್ಲೋ" ಎಂದು ಹೆಸರು ಪಡೆದ ಕಂಪ್ಯೂಟರ್ ಮೂಲೆ ಸೇರಿದರೆ, ನಾಳೆಯಿಂದ ಇಬ್ಬರು ಕೂರುವಲ್ಲಿ ಮೂವರು ಕೂರಬೇಕಾಗುತ್ತದೆ.

ಮೊದಲು ಪರದೆಯ ಒಳಗೆ ಏನು ನಡೆಯುತ್ತದೆ ಎಂದು ನೋಡೋಣ.

ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಈಗ ಲೆಕ್ಕ ಮಾಡಿ. 1366 × 768 ಪಿಕ್ಸೆಲ್‌ಗಳ ಪರದೆಯಲ್ಲಿ ಒಟ್ಟು 10,49,088 ಚುಕ್ಕಿಗಳು. ಒಂದು ಚುಕ್ಕಿಗೆ 4 ಬೈಟ್ ಎಂದರೆ ಒಂದು ಚಿತ್ರಕ್ಕೆ ಸುಮಾರು 4.2 ಮೆಗಾಬೈಟ್. ಸೆಕೆಂಡಿಗೆ 60 ಚಿತ್ರವಾದರೆ ಸುಮಾರು 252 ಮೆಗಾಬೈಟ್! ಇಷ್ಟನ್ನೂ ಪ್ರೊಸೆಸರ್ ಒಂದೇ ಹೊರಬೇಕೋ, ಗ್ರಾಫಿಕ್ಸ್ ಚಿಪ್ ಹೆಗಲು ಕೊಡುತ್ತದೋ ಎಂಬುದರ ಮೇಲೆ ಅರ್ಧ ಕಥೆ ನಿಂತಿದೆ.

ಉಳಿದ ಅರ್ಧ ಕಥೆ ಕಿಟಕಿಗಳನ್ನು, ಅಂದರೆ ವಿಂಡೋಗಳನ್ನು, ಬಿಡಿಸುವ ರೀತಿಯದು. ಹಳೆಯ ರೀತಿಯನ್ನು ತರಗತಿಯ ಕಪ್ಪುಹಲಗೆಗೆ ಹೋಲಿಸಬಹುದು. ಎಲ್ಲರೂ ಒಂದೇ ಹಲಗೆಯ ಮೇಲೆ ಬರೆಯುತ್ತಾರೆ. ಗಣಿತದ ಲೆಕ್ಕದ ಮೇಲೆ ಭೂಪಟ ಬಿಡಿಸಿದರೆ ಅಡಿಯ ಲೆಕ್ಕ ಅಳಿದೇ ಹೋಗುತ್ತದೆ. ಭೂಪಟವನ್ನು ಆಚೆ ಸರಿಸಿದಾಗ ಗಣಿತದ ಮಾಸ್ಟರನ್ನು ಕರೆದು "ಇಲ್ಲಿ ಮತ್ತೊಮ್ಮೆ ಬರೆಯಿರಿ" ಎನ್ನಬೇಕು. 2001ರ ವಿಂಡೋಸ್ ಎಕ್ಸ್‌ಪಿ ಹೀಗೇ ಕೆಲಸ ಮಾಡುತ್ತಿತ್ತು. ಕರೆದ ಪ್ರೋಗ್ರಾಂ ಬೇರೆ ಕೆಲಸದಲ್ಲಿ ಮುಳುಗಿದ್ದರೆ ಆ ಜಾಗ ಬಿಳಿಯಾಗಿಯೇ ಉಳಿಯುತ್ತಿತ್ತು. ಇಲ್ಲವೇ ಎಳೆದ ಕಿಟಕಿಯ ನೆರಳುಗಳು ಸಾಲಾಗಿ ಅಂಟಿಕೊಳ್ಳುತ್ತಿದ್ದವು.

ಹೊಸ ರೀತಿಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಚಾರ್ಟ್ ಪೇಪರ್. ಪ್ರತಿ ಪ್ರೋಗ್ರಾಂ ತನ್ನ ಚಾರ್ಟಿನಲ್ಲಿ ಬರೆಯುತ್ತದೆ. ಅವನ್ನು ಒಂದರ ಮೇಲೊಂದು ಜೋಡಿಸಿ ಪರದೆಗೆ ತರುವವನು ಇನ್ನೊಬ್ಬ. ಅವನ ಹೆಸರು ಕಂಪೋಸಿಟರ್. ಮ್ಯಾಕ್ ಓಎಸ್ ಟೆನ್ 2001ರಲ್ಲೇ ಈ ದಾರಿ ಹಿಡಿಯಿತು. 2002ರಲ್ಲಿ ಜೋಡಣೆಯ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸಿತು. ವಿಂಡೋಸಿನಲ್ಲಿ ಇದು ಬಂದದ್ದು 2007ರ ವಿಸ್ಟಾದೊಂದಿಗೆ. ವಿಂಡೋಸ್ 7ರಲ್ಲಿ ಇದನ್ನು ಆಫ್ ಮಾಡಬಹುದಿತ್ತು, ವಿಂಡೋಸ್ 8ರಿಂದ ಆಗುವುದಿಲ್ಲ. ಲಿನಕ್ಸಿನಲ್ಲಿ ಎರಡೂ ಉಂಟು. 1987ರ ಎಕ್ಸ್11 ಇನ್ನೂ ಕೆಲಸ ಮಾಡುತ್ತದೆ. 2008ರಲ್ಲಿ ಶುರುವಾದ ವೇಲ್ಯಾಂಡ್ ಪೂರ್ತಿ ಹೊಸ ರೀತಿಯದು. ಎಕ್ಸ್ಎಫ್‌ಸಿಇ ಡೆಸ್ಕ್‌ಟಾಪಿನಲ್ಲಿ ಕಂಪೋಸಿಟರನ್ನು ಬೇಕಾದರೆ ಇಡಬಹುದು, ಬೇಡವಾದರೆ ತೆಗೆಯಬಹುದು. ಹೀಗಿರುವಾಗ "ಲಿನಕ್ಸ್ ಸ್ಲೋ" ಎಂದರೆ ಯಾವ ಲಿನಕ್ಸ್ ಮಾರಾಯ್ರೇ?

ಹೊಸ ರೀತಿ ಪುಕ್ಕಟೆ ಬರುವುದಿಲ್ಲ. ಪ್ರತಿ ಚಾರ್ಟಿಗೂ ಮೆಮೊರಿ ಬೇಕು. ಜೋಡಿಸುವವನಿಗಾಗಿ ಕಾಯುವಾಗ ಒಂದು ಚಿತ್ರದಷ್ಟು ಹೊತ್ತು ತಡವಾಗಬಹುದು. ಎಲ್ಲಕ್ಕಿಂತ ಮುಖ್ಯ, ಗ್ರಾಫಿಕ್ಸ್ ಚಿಪ್ಪಿಗೆ ಸರಿಯಾದ ಡ್ರೈವರ್ ಇಲ್ಲದಿದ್ದರೆ ಆ ಭಾರವೆಲ್ಲ ಪ್ರೊಸೆಸರಿನ ತಲೆಗೆ ಬೀಳುತ್ತದೆ. ಉಬುಂಟುವಿನ ಸೆಟ್ಟಿಂಗ್ಸಿನಲ್ಲಿ ಗ್ರಾಫಿಕ್ಸ್ ಎಂಬಲ್ಲಿ "ಎಲ್‌ಎಲ್‌ವಿಎಂಪೈಪ್" ಎಂಬ ಹೆಸರು ಕಂಡರೆ ಆದದ್ದು ಅದೇ. ಆಗ ತಪ್ಪು ಲಿನಕ್ಸಿನದ್ದಲ್ಲ, ಕಂಪ್ಯೂಟರಿನ ಹಳೆತನದ್ದೂ ಅಲ್ಲದಿರಬಹುದು. ಡ್ರೈವರ್ ಸರಿಮಾಡಿದರೆ ಅದೇ ಯಂತ್ರ ಎದ್ದು ಓಡೀತು.

ಇನ್ನೊಂದು ಗೊಂದಲ ಉಂಟು. ನುಣುಪು ಬೇರೆ, ಚುರುಕು ಬೇರೆ. ಕಿಟಕಿ ತೇಲುತ್ತಾ ತೆರೆಯುವುದು ನುಣುಪು. ಕೀಲಿ ಒತ್ತಿದ ಕೂಡಲೇ ಅಕ್ಷರ ಕಾಣುವುದು ಚುರುಕು. ಡಾನ್ ಲೂ ಎಂಬ ಎಂಜಿನಿಯರ್ 2017ರಲ್ಲಿ ಹಲವು ಕಂಪ್ಯೂಟರ್‌ಗಳ ಚುರುಕನ್ನು ಅಳೆದು ಪ್ರಕಟಿಸಿದರು. 1983ರ ಆಪಲ್ 2ಇ ಕೀಲಿ ಒತ್ತಿದ ಸುಮಾರು 30 ಮಿಲಿಸೆಕೆಂಡಿಗೆ ಅಕ್ಷರ ತೋರಿಸಿತು. ಅದಕ್ಕಿಂತ ಸಾವಿರಾರು ಪಟ್ಟು ಶಕ್ತಿಯ ಕೆಲವು ಹೊಸ ಯಂತ್ರಗಳಿಗೆ 100 ಮಿಲಿಸೆಕೆಂಡಿಗೂ ಹೆಚ್ಚು ಬೇಕಾಯಿತು! ಸುಮಾರು 100 ಮಿಲಿಸೆಕೆಂಡಿನೊಳಗೆ ಉತ್ತರ ಬಂದರೆ ನಮಗೆ "ತಕ್ಷಣ ಆಯಿತು" ಅನ್ನಿಸುತ್ತದೆ ಎಂಬುದು ಈ ಕ್ಷೇತ್ರದವರು ಬಹುಕಾಲದಿಂದ ಒಪ್ಪಿಕೊಂಡು ಬಂದ ಅಳತೆ.

"ಆನಿಮೇಶನ್ ಇದ್ದರೆ ಚೆಂದ ಅಲ್ವಾ?" ಎಂದು ನೀವು ಕೇಳಬಹುದು. ಹೌದು. ಕಿಟಕಿ ಎಲ್ಲಿಗೆ ಹೋಯಿತು ಎಂದು ತಿಳಿಯುವುದಕ್ಕೂ ಅದರಿಂದ ಉಪಕಾರ ಉಂಟು. ಆದರೆ ಹಳೆ ಯಂತ್ರದಲ್ಲಿ ಅದು ಬಡವನ ಮನೆಯ ಮದುವೆಗೆ ಪಟಾಕಿ ಹೊಡೆದ ಹಾಗೆ. ಅಲ್ಲಿ ಆಫ್ ಮಾಡುವುದೇ ಒಳ್ಳೆಯದು. ವಿಂಡೋಸಿನಲ್ಲೂ ಉಬುಂಟುವಿನಲ್ಲೂ ಸೆಟ್ಟಿಂಗ್ಸಿನಲ್ಲಿ ಅದಕ್ಕೆ ಸ್ವಿಚ್ ಉಂಟು. ಲ್ಯಾಬಿನಲ್ಲಿ ಮುಟ್ಟುವ ಮೊದಲು ಟೀಚರನ್ನು ಕೇಳಿ.

ಅಳೆಯುವುದು ಹೇಗೆ? ಹೆಚ್ಚು ಖರ್ಚಿಲ್ಲ. ಸ್ಲೋ ಮೋಷನ್ ಇರುವ ಒಂದು ಮೊಬೈಲ್ ಸಾಕು. ಸೆಕೆಂಡಿಗೆ 240 ಚಿತ್ರ ತೆಗೆದರೆ ಒಂದು ಚಿತ್ರಕ್ಕೆ ಸುಮಾರು 4.2 ಮಿಲಿಸೆಕೆಂಡ್. ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ವಿಡಿಯೋ ಮಾಡಿ. ಕೀಲಿ ಕೆಳಗಿಳಿದಲ್ಲಿಂದ ಅಕ್ಷರ ಕಾಣುವವರೆಗೆ ಎಷ್ಟು ಚಿತ್ರ ಎಂದು ಎಣಿಸಿ. 24 ಚಿತ್ರ ಆದರೆ 100 ಮಿಲಿಸೆಕೆಂಡ್. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ.

ಒಂದು ನಿಯಮ ಮರೆಯಬೇಡಿ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡು ಆಪರೇಟಿಂಗ್ ಸಿಸ್ಟಮ್‌ಗಳನ್ನು ಹೋಲಿಸುವುದಾದರೆ ಯಂತ್ರ, ಮಾನಿಟರ್, ಕೀಬೋರ್ಡ್, ಪ್ರೋಗ್ರಾಂ ಎಲ್ಲ ಒಂದೇ ಇರಲಿ. ಮನೆಯ ಹೊಸ ಲ್ಯಾಪ್‌ಟಾಪನ್ನು ಶಾಲೆಯ ಹಳೆ ಕಂಪ್ಯೂಟರಿನ ಜೊತೆ ಹೋಲಿಸಿ ವಿಂಡೋಸಿಗೆ ಬಹುಮಾನ ಕೊಡಬೇಡಿ. ಪೆನ್‌ಡ್ರೈವಿನಿಂದ ನಡೆಸಿದ ಲಿನಕ್ಸನ್ನು ಹಾರ್ಡ್‌ಡಿಸ್ಕಿನಲ್ಲಿರುವ ವಿಂಡೋಸಿನ ಜೊತೆ ನಿಲ್ಲಿಸುವುದೂ ಅಷ್ಟೇ, ಒಬ್ಬನ ಕಾಲು ಕಟ್ಟಿ ಓಟದ ಪಂದ್ಯ ಇಟ್ಟ ಹಾಗೆ.

ನಿಮ್ಮ ಅಳತೆಯಲ್ಲಿ ಲಿನಕ್ಸೇ ಸೋತರೆ? ಸೋತಿತು ಎಂದೇ ಬರೆಯಿರಿ. ಪಕ್ಷ ಹಿಡಿಯುವುದು ವಿಜ್ಞಾನದ ಕೆಲಸವಲ್ಲ. ಆದರೆ "24 ಚಿತ್ರ ಇದ್ದದ್ದು ಆನಿಮೇಶನ್ ತೆಗೆದ ಮೇಲೂ ಅಷ್ಟೇ ಉಂಟು, ಡ್ರೈವರ್ ಒಮ್ಮೆ ನೋಡಿ ಟೀಚರ್" ಎಂದು ಹೇಳಿದರೆ ಟೀಚರಿಗೂ ದಾರಿ ಕಾಣುತ್ತದೆ, ಕಂಪ್ಯೂಟರ್ ಮೂಲೆ ಸೇರುವುದೂ ತಪ್ಪುತ್ತದೆ. ಬರೀ "ಸ್ಲೋ" ಎಂದರೆ ಎರಡೂ ಆಗದು.